ಹಾಲಿನ ಬಣ್ಣದ ಗೇರ್ ಆಯಿಲ್: ಹಳೆಯ ಬೋಟಿನ ಸ್ಟರ್ನ್‌ಡ್ರೈವ್ ಬಿಚ್ಚಿ ಜೋಡಿಸಿದ್ದು

ಡ್ರೈವಿನ ಕೆಳಗಿರುವ ಡ್ರೈನ್ ಸ್ಕ್ರೂ ಬಿಚ್ಚಿದಾಗ ಮೊದಲು ಬಂದದ್ದು ನೀರು. ಒಂದೆರಡು ಚಮಚದಷ್ಟು ತಿಳಿ ನೀರು. ಅದರ ಹಿಂದೆ ಗೇರ್ ಆಯಿಲ್ ಇಳಿಯಿತು, ಆದರೆ ನೋಡಿದರೆ ಆಯಿಲ್ ಅನ್ನುವ ಹಾಗೇ ಇರಲಿಲ್ಲ. ಬೆಳ್ಳಗೆ, ಮಂದವಾಗಿ, ಹಾಲು ಬೆರೆಸಿಟ್ಟ ಹಾಗೆ ಇತ್ತು. ರಾತ್ರಿಯೆಲ್ಲ ಬೋಟ್ ನಿಂತಿದ್ದರಿಂದ ಬೆರೆಯದ ನೀರು ತಳಕ್ಕೆ ಇಳಿದಿತ್ತು, ಬೆರೆತ ನೀರು ಆಯಿಲ್‌ನಲ್ಲೇ ಉಳಿದಿತ್ತು.

ಹೋದ ಸೀಸನ್‌ನಲ್ಲೂ ಇದೇ ಬಣ್ಣ ನೋಡಿದ್ದೆ. ಆಗ ಆಯಿಲ್ ಬದಲಾಯಿಸಿ, ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿ, ಅಲ್ಲಿಂದಲೇ ನೀರು ಹೋಗಿರಬೇಕು ಅಂತ ಸುಮ್ಮನಾಗಿದ್ದೆ. ಅದು ತಪ್ಪಾಯಿತು. ಆಯಿಲ್ ಬೆಳ್ಳಗಾಗಿದೆ ಅಂದರೆ ಎಲ್ಲೋ ನೀರು ನುಗ್ಗುವ ಸಂದು ಇದೆ ಅಂತ ಅರ್ಥ. ಆಯಿಲ್ ಬದಲಾಯಿಸಿದ ಮಾತ್ರಕ್ಕೆ ಸಂದು ಮುಚ್ಚುವುದಿಲ್ಲ. ಈ ಸಲ ಆ ಸಂದು ಕಣ್ಣಿಗೆ ಕಾಣುವ ತನಕ ಹೊಸ ಆಯಿಲ್ ತುಂಬುವುದೇ ಇಲ್ಲ ಅಂತ ಗಟ್ಟಿ ಮನಸ್ಸು ಮಾಡಿದೆ.

ಬೋಟ್‌ಗೆ ಇನ್ನೂ ಎರಡು ತೊಂದರೆ ಇದ್ದವು. ನಿಧಾನವಾಗಿ ಹೋಗುತ್ತಾ ಸ್ಟೀರಿಂಗ್ ತಿರುಗಿಸಿದರೆ ಹಿಂದಿನಿಂದ ಗುರ್ರ್ ಅಂತ ಸದ್ದು ಬರುತ್ತಿತ್ತು. ನೇರ ಮಾಡಿದರೆ ಸದ್ದು ತಗ್ಗುತ್ತಿತ್ತು. ಇನ್ನೊಂದು, ಗೇರ್‌ನಿಂದ ನ್ಯೂಟ್ರಲ್‌ಗೆ ತರುವಾಗ ಇಂಜಿನ್ ಆಫ್ ಆಗುತ್ತಿತ್ತು. ದಡ ಹತ್ತಿರ ಬಂದಾಗಲೇ ನ್ಯೂಟ್ರಲ್ ಬೇಕಾಗುವುದು, ಅಲ್ವಾ? ಅದೇ ಹೊತ್ತಿಗೆ ಇಂಜಿನ್ ನಿಂತರೆ ಬೋಟ್ ನಮ್ಮ ಮಾತು ಕೇಳುವುದಿಲ್ಲ. ಇದರ ಜೊತೆಗೆ ಬಿಲ್ಜ್ ಪಂಪ್, ಅಂದರೆ ಬೋಟ್‌ನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪ್, ಮೊದಲಿಗಿಂತ ಜಾಸ್ತಿ ಸಲ ಓಡುತ್ತಿತ್ತು. ಅದನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ.

ಸ್ಟರ್ನ್‌ಡ್ರೈವ್ ಬಿಚ್ಚದವರಿಗೆ ಎರಡು ಮಾತು. ಇಂಜಿನ್ ಬೋಟ್‌ನ ಒಳಗೆ ಇರುತ್ತದೆ, ಡ್ರೈವ್ ಹಿಂಬದಿಯ ಹೊರಗೆ ತೂಗುತ್ತದೆ. ಇಂಜಿನ್‌ನಿಂದ ಬರುವ ಶಾಫ್ಟ್ ಹಿಂಬದಿಯ ಗೋಡೆ ದಾಟಿ ಹೊರಗೆ ಬರುತ್ತದೆ, ಮೇಲಿನ ಗೇರ್‌ಗಳಲ್ಲಿ ನೇರ ಕೆಳಕ್ಕೆ ತಿರುಗುತ್ತದೆ, ತಳದ ಗೇರ್‌ಗಳಲ್ಲಿ ಮತ್ತೆ ಹಿಂದಕ್ಕೆ ತಿರುಗಿ ಪ್ರೊಪೆಲ್ಲರ್‌ಗೆ ಸೇರುತ್ತದೆ. ಇದಕ್ಕೆ ಚುಕ್ಕಾಣಿ ಬೇರೆ ಇಲ್ಲ, ಇಡೀ ಡ್ರೈವೇ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಮೇಲಕ್ಕೂ ಕೆಳಕ್ಕೂ ಆಡುತ್ತದೆ. ವೋಲ್ವೋ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಹೆಸರಿನಲ್ಲಿ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. 1961ರಲ್ಲಿ ಮರ್ಕ್ರೂಸರ್ ಬಂತು. ನನ್ನದು 1980ರ ದಶಕದ ಕೊನೆಯ ಮರ್ಕ್ರೂಸರ್ ಆಲ್ಫಾ ಒನ್, ಮೊದಲ ತಲೆಮಾರಿನದು. ಇಷ್ಟು ವರ್ಷ ದುಡಿದ ಮೇಲೂ ಅದರ ಗೇರ್‌ಗಳು ಹೇಗಿದ್ದವು ಅಂತ ಮುಂದೆ ಹೇಳುತ್ತೇನೆ.

ಡ್ರೈವ್ ಹೀಗೆ ನಾಲ್ಕೂ ಕಡೆ ಆಡಬೇಕಾದ್ದರಿಂದ ಶಾಫ್ಟ್‌ಗೆ ಯೂನಿವರ್ಸಲ್ ಜಾಯಿಂಟ್ ಬೇಕು. ಆ ಜಾಯಿಂಟ್ ನೀರಿನ ಮಟ್ಟದ ಕೆಳಗೇ ಇರುತ್ತದೆ. ಅದಕ್ಕೆ ನೀರು ತಾಗದ ಹಾಗೆ ಸುತ್ತಲೂ ಮಡಿಕೆ ಮಡಿಕೆಯಾದ ರಬ್ಬರ್ ಕೊಳವೆ ಹಾಕಿರುತ್ತಾರೆ. ಅದೇ ಬೆಲ್ಲೋಸ್. ಅಂದರೆ ಬೋಟ್‌ನ ಹಿಂಬದಿಯಲ್ಲಿ ನೀರಿನ ಕೆಳಗೆ ಕೈ ಹೋಗುವಷ್ಟು ದೊಡ್ಡ ತೂತು ಇದೆ, ಅದನ್ನು ಕಾಯುತ್ತಿರುವುದು ಒಂದು ರಬ್ಬರ್ ತುಂಡು. ಇದು ತಲೆಯಲ್ಲಿ ಕೂತ ಮೇಲೆ ಬೆಲ್ಲೋಸ್ ಅನ್ನು ಸಣ್ಣ ಸಾಮಾನು ಅಂತ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಬೋಟ್ ಟ್ರೇಲರ್ ಮೇಲಿತ್ತು. ಮೊದಲು ಬ್ಯಾಟರಿ ಕೇಬಲ್ ತೆಗೆದೆ. ಆಲ್ಫಾ ಡ್ರೈವ್ ಬಿಚ್ಚುವಾಗ ಗೇರ್ ಫಾರ್ವರ್ಡ್‌ನಲ್ಲಿ ಇರಲೇಬೇಕು, ಇಲ್ಲದಿದ್ದರೆ ಒಳಗಿನ ಶಿಫ್ಟ್ ಕೊಂಡಿ ಬಿಡಿಸಿಕೊಳ್ಳುವುದಿಲ್ಲ. ಡ್ರೈವನ್ನು ಮೇಲೆ ಕೆಳಗೆ ಆಡಿಸುವ ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ ಕಳಚಿದೆ. ಆಮೇಲೆ ಡ್ರೈವನ್ನು ಬೆಲ್ ಹೌಸಿಂಗ್‌ಗೆ, ಅಂದರೆ ಬೋಟ್ ಕಡೆ ಅದು ಕೂರುವ ಲೋಹದ ಚೌಕಟ್ಟಿಗೆ, ಹಿಡಿದಿರುವ ಆರು ನಟ್‌ಗಳು. ನಟ್ ಸುಲಭವಾಗಿ ಬಂದವು, ಡ್ರೈವ್ ಬರಲಿಲ್ಲ. ಶಾಫ್ಟ್ ಬೋಟ್ ಕಡೆಯಲ್ಲಿ ಹಾದುಹೋಗುವ ಬೇರಿಂಗ್‌ಗೆ ಗಿಂಬಲ್ ಬೇರಿಂಗ್ ಅನ್ನುತ್ತಾರೆ. ಶಾಫ್ಟ್ ಅದರಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಈ ಡ್ರೈವ್ 40 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಒಬ್ಬರೇ ಎಳೆದರೆ ಕಾಲ ಮೇಲೆ ಬೀಳುವುದು ಖಂಡಿತ. ಭಾವನನ್ನು ಕರೆದೆ.

"ಭಾವ, ನೀವು ತಳದ ರೆಕ್ಕೆ ಇದೆಯಲ್ಲ, ಆ ಸ್ಕೆಗ್ ಹತ್ರ ಹಿಡ್ಕೊಳ್ಳಿ. ನಾನು ಮೇಲಿಂದ ಅಲ್ಲಾಡಿಸ್ತೀನಿ."

"ಬಂದ್ರೆ ಒಮ್ಮೆಗೇ ಬರುತ್ತೆ ಕಣೋ. ನೀನು ಹಿಂದೆ ಸರಿದು ನಿಂತ್ಕೋ."

ಅವರು ಹೇಳಿದ ಹಾಗೇ ಆಯಿತು. ಎಡಕ್ಕೆ ಬಲಕ್ಕೆ ಹತ್ತು ನಿಮಿಷ ಅಲ್ಲಾಡಿಸಿದ ಮೇಲೆ ಒಂದೇ ಸಲಕ್ಕೆ ಕಿತ್ತು ಬಂತು. ಜೊತೆಗೆ ಬೆಲ್ಲೋಸ್‌ನ ಬಾಯಿಂದ ತುಕ್ಕು ಬೆರೆತ ಕೆಂಪು ನೀರು ಸುರಿಯಿತು, ಅರ್ಧ ಲೋಟಕ್ಕೆ ಕಡಿಮೆ ಇರಲಿಲ್ಲ. ಒಣಗಿರಬೇಕಾದ ಜಾಗ ಅದು.

ಟಾರ್ಚ್ ಹಿಡಿದು ಬೆಲ್ಲೋಸ್ ನೋಡಿದೆ. ಮೇಲ್ನೋಟಕ್ಕೆ ಚೆನ್ನಾಗೇ ಇತ್ತು. ಮಡಿಕೆಗಳನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿದಾಗ ಮಾತ್ರ ಸತ್ಯ ಕಂಡಿತು. ಮೂರನೆಯ ಮಡಿಕೆಯ ಸಂದಿಯಲ್ಲಿ ಕೂದಲೆಳೆಯಂಥ ಗೆರೆ. ಇನ್ನೂ ಸ್ವಲ್ಪ ಅಗಲಿಸಿದರೆ ಗೆರೆ ಬಾಯಿ ಬಿಟ್ಟು ಒಳಗಿನ ಬಟ್ಟೆಯ ಎಳೆ ಕಾಣಿಸಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಈ ಬೋಟನ್ನು ತಿಂಗಳುಗಟ್ಟಲೆ ಡ್ರೈವ್ ಮೇಲೆತ್ತಿ ನಿಲ್ಲಿಸುವುದು ನನ್ನ ರೂಢಿಯಾಗಿತ್ತು. ಡ್ರೈವ್ ಮೇಲೆತ್ತಿದರೆ ಬೆಲ್ಲೋಸ್‌ನ ಕೆಳಮಡಿಕೆಗಳು ಹಿಗ್ಗುತ್ತವೆ, ಮೇಲಿನವು ಒತ್ತಿಕೊಳ್ಳುತ್ತವೆ. ಅದೇ ಆಕಾರದಲ್ಲಿ ರಬ್ಬರ್ ಒಣಗಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ನಿಲ್ಲಿಸುವಾಗ ಡ್ರೈವ್ ಪೂರ್ತಿ ಕೆಳಗಿರಬೇಕು. ಈಗ ಹಾಗೇ ಮಾಡುತ್ತೇನೆ.

ಗಿಂಬಲ್ ಬೇರಿಂಗ್‌ನೊಳಗೆ ಎರಡು ಬೆರಳು ಹಾಕಿ ತಿರುಗಿಸಿದೆ. ಮರಳು ತುಂಬಿದ ಹಾಗೆ ಗರಗರ ಅಂದಿತು. ತಿರುವಿನಲ್ಲಿ ಬರುತ್ತಿದ್ದ ಸದ್ದಿನ ಮೂಲ ಸಿಕ್ಕಿತು. ಬೆಲ್ಲೋಸ್ ಒಡೆಯಿತು, ನೀರು ಒಳಗೆ ಬಂತು, ಬೇರಿಂಗ್ ತುಕ್ಕು ಹಿಡಿಯಿತು.

ಇಲ್ಲಿಗೆ ಎಲ್ಲ ಗೊತ್ತಾಯಿತು ಅಂತ ಅನಿಸುವುದು ಸಹಜ. ಭಾವನೂ ಅದನ್ನೇ ಹೇಳಿದರು: "ಬೆಲ್ಲೋಸ್ ಒಡೆದಿದೆ, ಅಲ್ಲಿಂದಲೇ ಆಯಿಲ್‌ಗೂ ನೀರು ಹೋಗಿದೆ. ಬೆಲ್ಲೋಸ್ ಹಾಕಿದ್ರೆ ಮುಗೀತು." ಆದರೆ ಬೆಲ್ಲೋಸ್‌ನ ಒಳಜಾಗಕ್ಕೂ ಗೇರ್ ಆಯಿಲ್‌ಗೂ ನಡುವೆ ಇನ್ನೊಂದು ಸೀಲ್ ಇದೆ, ಶಾಫ್ಟ್ ಡ್ರೈವಿನ ಒಳಗೆ ಹೋಗುವ ಕಡೆ. ಆ ಸೀಲ್ ಹೋಗಿದ್ದರೆ ಮಾತ್ರ ಅವರ ಮಾತು ನಿಜ. ಅದು ಚೆನ್ನಾಗಿದ್ದರೆ ಆಯಿಲ್‌ಗೆ ನೀರು ಬರುತ್ತಿರುವುದು ಬೇರೆ ಕಡೆಯಿಂದ. ಊಹೆ ಮಾಡಿ ಒಂದು ವರ್ಷ ಕಳೆದಿದ್ದೆ, ಇನ್ನೊಂದು ಊಹೆ ನನಗೆ ಬೇಡವಾಗಿತ್ತು.

ಅದಕ್ಕೇ ಪ್ರೆಷರ್ ಟೆಸ್ಟ್. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇದು. ಆಯಿಲ್ ಪೂರ್ತಿ ಇಳಿಸಿ, ಕೆಳಗಿನ ಸ್ಕ್ರೂ ಬಿಗಿದು, ಮೇಲಿನ ವೆಂಟ್ ತೂತಿಗೆ ಮೀಟರ್ ಇರುವ ಕೈಪಂಪ್ ಜೋಡಿಸಿದೆ. ಮೊದಲು ಬರೀ 3 ಪಿಎಸ್ಐ. ಒಮ್ಮೆಗೇ ಜಾಸ್ತಿ ಗಾಳಿ ಹಾಕಿದರೆ ಸೀಲ್‌ನ ತುಟಿ ಶಾಫ್ಟ್‌ಗೆ ಒತ್ತಿಕೊಂಡು ಸಣ್ಣ ಸೋರಿಕೆ ಅಡಗಿಬಿಡಬಹುದು. ಆದ್ದರಿಂದ ಕಡಿಮೆಯಿಂದ ಶುರು ಮಾಡಿ 10ರ ತನಕ ಏರಿಸಿದೆ. ಸೋಪು ನೀರನ್ನು ಬ್ರಷ್‌ನಿಂದ ಎಲ್ಲ ಕಡೆ ಬಳಿದೆ: ಶಾಫ್ಟ್‌ನ ಸೀಲ್, ಮೇಲಿನ ಮುಚ್ಚಳ, ಎರಡು ಭಾಗ ಸೇರುವ ಸಂದು, ಶಿಫ್ಟ್ ಶಾಫ್ಟ್, ಪ್ರೊಪೆಲ್ಲರ್ ಶಾಫ್ಟ್.

ಮೀಟರ್‌ನ ಮುಳ್ಳು ಕದಲಲಿಲ್ಲ. ಐದು ನಿಮಿಷ ಆಯಿತು. ಗುಳ್ಳೆ ಇಲ್ಲ. ಒಂದು ಕ್ಷಣ ನನ್ನ ತಲೆ ಕೆಲಸ ಮಾಡಲಿಲ್ಲ. ಆಮೇಲೆ ಹೊಳೆಯಿತು, ಡ್ರೈವ್ ನೀರಿನಲ್ಲಿ ಇರುವಾಗ ಶಾಫ್ಟ್ ತಿರುಗುತ್ತಿರುತ್ತದೆ, ನಾನು ನಿಂತ ಶಾಫ್ಟನ್ನು ಪರೀಕ್ಷೆ ಮಾಡುತ್ತಿದ್ದೇನೆ. ಮೇಲಿನ ಶಾಫ್ಟ್ ಹಿಡಿದು ನಿಧಾನವಾಗಿ ತಿರುಗಿಸಿದೆ. ಅಲ್ಲಿ ಏನೂ ಇಲ್ಲ. ಕಣ್ಣು ಕೆಳಗೆ ಹೋಯಿತು. ಪ್ರೊಪೆಲ್ಲರ್ ಶಾಫ್ಟ್‌ನ ಬುಡದಲ್ಲಿ, ಗಡಿಯಾರದ ನಾಲ್ಕರ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು. ಶಾಫ್ಟ್ ಇನ್ನಷ್ಟು ತಿರುಗಿದ ಹಾಗೆ ಅದರ ಪಕ್ಕ ಇನ್ನೊಂದು, ಮತ್ತೊಂದು. ತಿರುಗಿಸುವುದು ನಿಲ್ಲಿಸಿದರೆ ಗುಳ್ಳೆಯೂ ನಿಲ್ಲುತ್ತಿತ್ತು. ಮುಳ್ಳು ಕೂದಲಷ್ಟು ಇಳಿದಿತ್ತು.

ಭಾವ ಬಗ್ಗಿ ನೋಡಿ, "ಓ, ಇದು ಬೇರೆನೇ" ಅಂದರು.

ಹೌದು, ಇದು ಬೇರೆಯೇ ಆಗಿತ್ತು. ಬೆಲ್ಲೋಸ್ ಕಡೆಯ ಸೀಲ್ ಗಟ್ಟಿಯಾಗಿತ್ತು. ಎರಡು ಸೋರಿಕೆ ಇದ್ದವು, ಒಂದಕ್ಕೊಂದು ಸಂಬಂಧ ಇರಲಿಲ್ಲ. ಬೆಲ್ಲೋಸ್ ಮಾತ್ರ ಬದಲಾಯಿಸಿದ್ದರೆ ಮುಂದಿನ ವರ್ಷವೂ ಬೆಳ್ಳನೆಯ ಆಯಿಲ್ ನೋಡುತ್ತಿದ್ದೆ.

ಪ್ರೊಪೆಲ್ಲರ್ ಆಗಲೇ ತೆಗೆದಿಟ್ಟಿದ್ದೆ. ಅದರ ಹಿಂದಿದ್ದ ಥ್ರಸ್ಟ್ ವಾಷರ್ ಸರಿಸಿದಾಗ ಕಾರಣ ಕಂಡಿತು. ಶಾಫ್ಟ್ ಸುತ್ತ ಒಂದು ಹಳದಿ ಬಳೆಯ ಹಾಗೆ ಏನೋ ಕೂತಿತ್ತು. ಚಾಕುವಿನ ತುದಿಯಿಂದ ಎಬ್ಬಿಸಿದರೆ ಸುರುಳಿ ಬಿಚ್ಚಿಕೊಂಡಿತು. ಮೀನು ಹಿಡಿಯುವ ನೈಲಾನ್ ದಾರ. ಎಲ್ಲೋ ನೀರಿನಲ್ಲಿ ಸಿಕ್ಕಿ, ಸುತ್ತಿಕೊಂಡು, ಬಿಸಿಗೆ ಅರ್ಧ ಕರಗಿ, ಸೀಲ್‌ನ ತುಟಿಯ ಒಳಗೆ ನುಸುಳಿತ್ತು. ತುಟಿಯಲ್ಲಿ ಚಾಕುವಿನಿಂದ ಕೊಯ್ದ ಹಾಗೆ ಸಣ್ಣ ಗಾಯ. ಮೀನು ಹಿಡಿಯುವವರು ಓಡಾಡುವ ನೀರಿನಲ್ಲಿ ಬೋಟ್ ಓಡಿಸುವವರು ಪ್ರೊಪೆಲ್ಲರ್ ಬಿಚ್ಚಿ ಈ ಜಾಗವನ್ನು ಆಗಾಗ ನೋಡಲೇಬೇಕು. ಒಂದು ನಟ್ ಬಿಚ್ಚಿದರೆ ಸಾಕು, ಹತ್ತು ನಿಮಿಷದ ಕೆಲಸ.

ಸೀಲ್ ಇರುವುದು ಬೇರಿಂಗ್ ಕ್ಯಾರಿಯರ್ ಒಳಗೆ. ಅದನ್ನು ಹಿಡಿದಿರುವ ದೊಡ್ಡ ಮುಚ್ಚಳದ ನಟ್ ಮೇಲೆ ಬಿಚ್ಚುವ ದಿಕ್ಕಿಗೆ ಬಾಣ ಹಾಕಿ 'ಆಫ್' ಅಂತ ಕೆತ್ತಿದ್ದಾರೆ. ಅದಕ್ಕೆ ಬೇಕಾದ ವಿಶೇಷ ಪಾನಾ ಇಲ್ಲದೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಟ್‌ನ ಹಲ್ಲು ಮುರಿದರೆ ನಟ್ ಹೋಯಿತು ಅನ್ನಬಹುದು, ಹೌಸಿಂಗ್‌ನ ಥ್ರೆಡ್ ಹಾಳಾದರೆ ಇಡೀ ಕೆಳಭಾಗವೇ ಹೋದ ಹಾಗೆ. ನಾನು ಮೊದಲು ಲಾಕ್ ವಾಷರ್‌ನ ಬಾಗಿದ ಕಿವಿಯನ್ನು ನೇರ ಮಾಡಿದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದೆ. ಮೂರನೆಯ ದಿನ ಹೀಟ್ ಗನ್‌ನಿಂದ ಹೊರಗಿನ ಅಲ್ಯೂಮಿನಿಯಂ ಹೌಸಿಂಗ್ ಅನ್ನು ಬಿಸಿ ಮಾಡಿ, ಸರಿಯಾದ ಪಾನಾ ಹಾಕಿ ಒತ್ತಿದೆ. ಕಿರ್ ಅಂತ ಸದ್ದು ಮಾಡಿ ಸಡಿಲವಾಯಿತು. ಆಮೇಲೆ ಎರಡು ಕಾಲಿನ ಪುಲ್ಲರ್‌ನಿಂದ ಕ್ಯಾರಿಯರ್ ಹೊರಗೆ ಬಂತು. ಕ್ಯಾರಿಯರ್ ತಿರುಗದ ಹಾಗೆ ಒಂದು ಚಿಕ್ಕ ಕೀ ಇರುತ್ತದೆ. ಅದು ಸದ್ದಿಲ್ಲದೆ ಕೆಳಗೆ ಬಿದ್ದುಹೋಗುತ್ತದೆ, ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ.

ಒಳಗಿನ ಗೇರ್‌ಗಳನ್ನು ನೋಡುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಒರೆಸಿ, ಟಾರ್ಚ್ ಹಾಕಿ, ಒಂದೊಂದೇ ಹಲ್ಲು ನೋಡಿದೆ. ಹಲ್ಲಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಲ್ಲೂ ಚಕ್ಕೆ ಎದ್ದಿರಲಿಲ್ಲ. ಬೇರಿಂಗ್ ರೋಲರ್‌ಗಳ ಮೇಲೂ ತುಕ್ಕಿನ ಚುಕ್ಕೆ ಇರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಹೀಗೆ ಇರುತ್ತಿರಲಿಲ್ಲ. ಪ್ರೊಪೆಲ್ಲರ್ ಶಾಫ್ಟ್‌ನ ಮೇಲೆ ಸೀಲ್ ಓಡಿದ ಜಾಗದಲ್ಲಿ ಒಂದು ಗುರುತು ಇತ್ತು. ಉಗುರು ಅಡ್ಡ ಎಳೆದು ನೋಡಿದೆ, ಸಿಕ್ಕಿಕೊಳ್ಳಲಿಲ್ಲ. ಉಗುರು ಸಿಕ್ಕಿಕೊಂಡಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ, ಶಾಫ್ಟ್‌ಗೇ ಪರಿಹಾರ ಹುಡುಕಬೇಕಾಗುತ್ತಿತ್ತು.

ಇಲ್ಲಿ ಸೀಲ್ ಒಂದಲ್ಲ, ಎರಡು. ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತವೆ. ಒಳಗಿನದರ ತುಟಿ ಒಳಕ್ಕೆ ನೋಡುತ್ತದೆ, ಆಯಿಲ್ ಹೊರಗೆ ಬರದ ಹಾಗೆ ತಡೆಯುತ್ತದೆ. ಹೊರಗಿನದರ ತುಟಿ ಹೊರಕ್ಕೆ ನೋಡುತ್ತದೆ, ನೀರು ಒಳಗೆ ಬರದ ಹಾಗೆ ತಡೆಯುತ್ತದೆ. ಎರಡನ್ನೂ ಒಂದೇ ದಿಕ್ಕಿಗೆ ಹಾಕಿದರೆ ಎರಡರಲ್ಲಿ ಒಂದು ಕೆಲಸಕ್ಕೆ ಬರುವುದಿಲ್ಲ. ಹೊರ ಅಂಚಿಗೆ ತೆಳುವಾಗಿ ಲಾಕ್‌ಟೈಟ್ ಅಂಟು, ತುಟಿಗಳ ನಡುವೆ ಮೆರೈನ್ ಗ್ರೀಸ್. ಸರಿಯಾದ ಅಳತೆಯ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟುತ್ತಾ ಕೂರಿಸಿದೆ. ಕ್ಯಾರಿಯರ್‌ನ ಓ-ರಿಂಗ್ ಕೂಡ ಹೊಸದು.

ಮತ್ತೆ ಟೆಸ್ಟ್. 10 ಪಿಎಸ್ಐ, ಶಾಫ್ಟ್ ತಿರುಗಿಸುತ್ತಾ, ಹಿಂದೆ ಮುಂದೆ ಒತ್ತುತ್ತಾ. ಕಾಲು ಗಂಟೆ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಗಾಳಿ ಹೊರಕ್ಕೆ ಎಳೆದೂ ನೋಡಿದೆ. ಇದನ್ನು ಬಿಡಬಾರದು. ಓಡಿ ಬಿಸಿಯಾದ ಡ್ರೈವ್ ತಣ್ಣನೆಯ ನೀರಿನಲ್ಲಿ ನಿಂತಾಗ ಒಳಗಿನ ಗಾಳಿ ಕುಗ್ಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ. ನೀರು ಹೋಗುವುದು ಆಗಲೇ. ಗಾಳಿ ತುಂಬಿ ನೋಡಿದರೆ ಒಳಗಿನ ಸೀಲ್‌ನ ಶಕ್ತಿ ಗೊತ್ತಾಗುತ್ತದೆ, ಎಳೆದು ನೋಡಿದರೆ ಹೊರಗಿನದರ ಶಕ್ತಿ ಗೊತ್ತಾಗುತ್ತದೆ.

ಡ್ರೈವ್ ಮೇಜಿನ ಮೇಲೇ ಇದ್ದದ್ದರಿಂದ ನೀರಿನ ಪಂಪ್‌ನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಗಳಿರುವ ರಬ್ಬರ್ ಚಕ್ರ, ಅದನ್ನೂ ಬದಲಾಯಿಸಿದೆ. ಮೇಲಿನ ಕೆಳಗಿನ ಭಾಗ ಬೇರೆ ಮಾಡಬೇಕು. ಒಂದು ಬೋಲ್ಟ್ ಪ್ರೊಪೆಲ್ಲರ್ ಮೇಲಿನ ಚಿಕ್ಕ ರೆಕ್ಕೆಯ, ಅಂದರೆ ಟ್ರಿಮ್ ಟ್ಯಾಬ್‌ನ, ಹಿಂದೆ ಅಡಗಿರುತ್ತದೆ, ಟ್ಯಾಬ್ ತೆಗೆಯುವ ಮೊದಲು ಅದು ಕೂತಿದ್ದ ಕೋನಕ್ಕೆ ಗುರುತು ಹಾಕಿಕೊಳ್ಳಿ. ಹಳೆಯ ಇಂಪೆಲ್ಲರ್‌ನ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದವು. ಎಣಿಸಿ ನೋಡಿದೆ, ಒಂದೂ ಮುರಿದಿರಲಿಲ್ಲ. ಮುರಿದಿದ್ದರೆ ಆ ತುಂಡು ಎಲ್ಲಿ ಸಿಕ್ಕಿಕೊಂಡಿದೆ ಅಂತ ನೀರಿನ ದಾರಿಯುದ್ದಕ್ಕೂ ಹುಡುಕಬೇಕಾಗುತ್ತದೆ. ಭಾಗಗಳನ್ನು ಮತ್ತೆ ಸೇರಿಸಿ ನಟ್‌ಗಳನ್ನು 47 ನ್ಯೂಟನ್ ಮೀಟರ್‌ಗೆ ಬಿಗಿದೆ.

ಇನ್ನು ಬೋಟ್‌ನ ಕಡೆಯ ಕೆಲಸ. ಬೆಲ್ಲೋಸ್ ಬದಲಾಯಿಸಲು ಬೆಲ್ ಹೌಸಿಂಗ್ ಕಳಚಬೇಕು. ಅದು ಎರಡು ಪಕ್ಕದ ಹಿಂಜ್ ಪಿನ್‌ಗಳ ಮೇಲೆ ತೂಗುತ್ತದೆ. ಬಲಗಡೆಯ ಪಿನ್ ಅರ್ಧ ಗಂಟೆಯಲ್ಲಿ ಬಂತು. ಎಡಗಡೆಯದು ಒಂದು ಇಡೀ ದಿನ ತಿಂದಿತು. ಬಿಸಿ ಮಾಡು, ಎಣ್ಣೆ ಬಿಡು, ತಣ್ಣಗಾಗಲು ಬಿಡು, ಮತ್ತೆ ಬಿಸಿ ಮಾಡು. ಬೇಸರದಲ್ಲಿ ಜೋರು ಮಾಡಿದರೆ ಪಿನ್‌ನ ಆರು ಮೂಲೆಯ ತೂತು ಉರುಟಾಗಿಬಿಡುತ್ತದೆ, ಆಮೇಲೆ ಡ್ರಿಲ್ ಬಿಟ್ಟರೆ ಗತಿಯಿಲ್ಲ. ಸಂಜೆ ಹೊತ್ತಿಗೆ ಅದೂ ಬಂತು.

ಬೆಲ್ ಹೌಸಿಂಗ್ ಕೈಗೆ ಬಂದ ಮೇಲೆ ಶಿಫ್ಟ್ ಕೇಬಲ್ ನೋಡಿದೆ. ಎರಡು ತುದಿ ಬಿಡಿಸಿ ಒಳಗಿನ ತಂತಿಯನ್ನು ಕೈಯಿಂದ ಎಳೆದರೆ ಮಧ್ಯೆ ಒಂದು ಕಡೆ ಕಚ್ಚುತ್ತಿತ್ತು. ನ್ಯೂಟ್ರಲ್‌ಗೆ ಬರುವಾಗ ಇಂಜಿನ್ ಆಫ್ ಆಗಲು ಇದೇ ಕಾರಣ. ಈ ಡ್ರೈವಿನಲ್ಲಿ ಗೇರ್ ಹಲ್ಲುಗಳು ಒತ್ತಡದಲ್ಲಿ ಇರುವಾಗ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೆ ಇಂಜಿನ್ ಮೇಲೆ ಒಂದು ಚಿಕ್ಕ ಸ್ವಿಚ್ ಇಟ್ಟಿದ್ದಾರೆ. ಲಿವರ್ ಎಳೆದಾಗ ಕೇಬಲ್‌ಗೆ ತಡೆ ಬಂದರೆ ಆ ಸ್ವಿಚ್ ಒಂದು ಕ್ಷಣ ಇಗ್ನಿಷನ್ ಕಡಿಯುತ್ತದೆ, ಇಂಜಿನ್ ಮಿಡುಕುತ್ತದೆ, ಆ ಸಡಿಲದಲ್ಲಿ ಗೇರ್ ಜಾರಿ ಹೊರಗೆ ಬರುತ್ತದೆ, ಸ್ವಿಚ್ ಮತ್ತೆ ಬಿಡುತ್ತದೆ. ಎಷ್ಟು ಚೆಂದದ ಯೋಚನೆ ನೋಡಿ. ಆದರೆ ಕೇಬಲ್ಲೇ ಬಿಗಿಯಾಗಿದ್ದರೆ ತಡೆ ಹೋಗುವುದೇ ಇಲ್ಲ, ಸ್ವಿಚ್ ಒತ್ತಿದ್ದು ಒತ್ತಿದ ಹಾಗೇ ಉಳಿದು ಇಂಜಿನ್ ನಿಲ್ಲುತ್ತದೆ. ಕೆಲವರು ಸ್ವಿಚ್‌ನ ವೈರ್ ಕಿತ್ತು ಹಾಕುತ್ತಾರೆ. ಹಾಗೆ ಮಾಡಿದರೆ ಇಂಜಿನ್ ನಿಲ್ಲುವುದಿಲ್ಲ ನಿಜ, ಆದರೆ ಬೋಟ್ ಗೇರ್‌ನಿಂದ ಹೊರಗೂ ಬರುವುದಿಲ್ಲ, ಕ್ಲಚ್‌ನ ಹಲ್ಲೂ ಸವೆಯುತ್ತದೆ. ಹೊಸ ಕೇಬಲ್ ಹಾಕಿ, ಮ್ಯಾನ್ಯುಯಲ್‌ನ ಅಳತೆಗೆ ಹೊಂದಿಸಿದೆ. ಅದರ ಸಣ್ಣ ಬೆಲ್ಲೋಸ್ ಕೂಡ ಹೊಸದು. ಗಾತ್ರದಲ್ಲಿ ಹೆಬ್ಬೆರಳಿನಷ್ಟೇ ಇದ್ದರೂ ಅದು ಒಡೆದರೆ ನೀರು ನೇರ ಬೋಟ್‌ನ ಒಳಕ್ಕೇ ಬರುತ್ತದೆ. ಹಳೆಯದರ ತುದಿಯಲ್ಲಿ ಸೀಳು ಇತ್ತು. ಬಿಲ್ಜ್ ಪಂಪ್ ಜಾಸ್ತಿ ಓಡುತ್ತಿದ್ದದ್ದು ಈಗ ಅರ್ಥವಾಯಿತು.

ದೊಡ್ಡ ಬೆಲ್ಲೋಸ್ ಅಂಟಿಸುವುದರಲ್ಲಿ ಕೆಲಸಕ್ಕಿಂತ ಶುಚಿ ಮುಖ್ಯ. ಹಳೆಯ ಅಂಟನ್ನು ಪೂರ್ತಿ ಕೆರೆದು, ಅಲ್ಯೂಮಿನಿಯಂ ಬರಿ ಮೈ ಕಾಣುವ ತನಕ ಉಜ್ಜಿ, ಒರೆಸಿ, ಆಮೇಲೆ ಬೆಲ್ಲೋಸ್‌ನ ಅಂಟು ಹಚ್ಚಿದೆ. ಹಚ್ಚಿದ ಕೂಡಲೇ ಸೇರಿಸಬಾರದು. ಬೆರಳಿಗೆ ಅಂಟದಷ್ಟು ಒಣಗಲು ಹತ್ತು ನಿಮಿಷ ಬಿಡಬೇಕು. ಕ್ಲಾಂಪ್‌ನ ಸ್ಕ್ರೂ ಎಲ್ಲಿಗೆ ಬರಬೇಕು ಅಂತ ಮೊದಲೇ ಯೋಚಿಸಿ. ಒಮ್ಮೆ ಬೆಲ್ ಹೌಸಿಂಗ್ ಮೇಲೇರಿದ ಮೇಲೆ ಸ್ಕ್ರೂಡ್ರೈವರ್ ಎಲ್ಲ ಕಡೆ ಹೋಗುವುದಿಲ್ಲ.

ಗಿಂಬಲ್ ಬೇರಿಂಗ್ ಅನ್ನು ಸ್ಲೈಡ್ ಹ್ಯಾಮರ್‌ನಿಂದ ಕಿತ್ತೆ. ಹೊಸದನ್ನು ರಾತ್ರಿ ಫ್ರೀಜರ್‌ನಲ್ಲಿ ಇಟ್ಟಿದ್ದೆ, ತಣ್ಣಗಾದ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ, ಅಷ್ಟೇ ಸಾಕು. ಬೇರಿಂಗ್ ಸುತ್ತ ಇರುವ ಉಂಗುರದ ಸಂದು ಗ್ರೀಸ್ ಬರುವ ತೂತಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಗ್ರೀಸ್ ಗನ್ ಎಷ್ಟು ಒತ್ತಿದರೂ ಬೇರಿಂಗ್‌ಗೆ ಗ್ರೀಸ್ ತಲುಪುವುದಿಲ್ಲ. ಕೂರಿಸಿದ ಮೇಲೆ ಗ್ರೀಸ್ ಒತ್ತಿ, ಒಳಗೆ ಬಂತು ಅಂತ ಕಣ್ಣಾರೆ ನೋಡಿದೆ.

ಇಷ್ಟಕ್ಕೇ ಡ್ರೈವ್ ಏರಿಸಿಬಿಡುವ ಆಸೆ ಬಂದಿತ್ತು. ಆದರೆ ಅಲೈನ್‌ಮೆಂಟ್ ನೋಡದೆ ಏರಿಸಿದರೆ ಹೊಸ ಬೇರಿಂಗ್ ಕೂಡ ಬೇಗ ಹಾಳಾಗುತ್ತದೆ. ಇಂಜಿನ್‌ನ ಕಪ್ಲರ್ ಮತ್ತು ಗಿಂಬಲ್ ಬೇರಿಂಗ್ ಒಂದೇ ಗೆರೆಯಲ್ಲಿ ಇರಬೇಕು. ಇದಕ್ಕೆ ಅಂತಲೇ ಒಂದು ಉದ್ದದ ಕಬ್ಬಿಣದ ಸರಳು ಬರುತ್ತದೆ. ಬೇರಿಂಗ್ ಮೂಲಕ ತೂರಿಸಿದರೆ ಕಪ್ಲರ್ ಒಳಕ್ಕೆ ಎರಡು ಬೆರಳಿನ ಬಲದಲ್ಲಿ ಜಾರಬೇಕು. ನನ್ನದು ಬೇರಿಂಗ್ ದಾಟಿತು, ಕಪ್ಲರ್ ಬಾಯಿಯಲ್ಲಿ ಟಕ್ ಅಂತ ನಿಂತಿತು. ಸರಳನ್ನು ನಾಲ್ಕೂ ಕಡೆ ಮೆಲ್ಲಗೆ ತಟ್ಟಿ ಬೇರಿಂಗನ್ನು ನೇರ ಮಾಡಿದೆ. ಆಮೇಲೂ ಸುತ್ತಿಗೆ ಬೇಕು ಅನ್ನುವ ಹಾಗಿತ್ತು. ಸುತ್ತಿಗೆ ಬೇಕಾದರೆ ಅಲೈನ್‌ಮೆಂಟ್ ಇಲ್ಲ ಅಂತಲೇ ಅರ್ಥ.

ಸರಳಿನ ತುದಿಗೆ ಗ್ರೀಸ್ ಬಳಿದು, ಹೋಗುವಷ್ಟು ತೂರಿಸಿ, ತಿರುಗಿಸದೆ ಹೊರಗೆ ತೆಗೆದೆ. ಕಪ್ಲರ್‌ನ ಹಲ್ಲುಗಳು ಗ್ರೀಸ್ ಮೇಲೆ ಬರೆದಿದ್ದವು: ಒಂದು ಪಕ್ಕದಲ್ಲಿ ಆಳವಾದ ಗೆರೆಗಳು, ಎದುರು ಪಕ್ಕದಲ್ಲಿ ಏನೂ ಇಲ್ಲ. ವರ್ಷಗಳಿಂದ ಇಂಜಿನ್ ಹೊತ್ತ ಮುಂದಿನ ಮೌಂಟ್‌ಗಳ ರಬ್ಬರ್ ಕುಸಿದಿತ್ತು. ಎರಡೂ ಮೌಂಟ್‌ಗಳ ನಟ್ ಅನ್ನು ಒಂದೇ ಸಮನಾಗಿ ಅರ್ಧ ಸುತ್ತು ತಿರುಗಿಸಿ ಇಂಜಿನ್‌ನ ಮುಂಭಾಗ ಎತ್ತಿದೆ. ಮತ್ತೆ ಗ್ರೀಸ್, ಮತ್ತೆ ಸರಳು, ಮತ್ತೆ ಗೆರೆ ನೋಡುವುದು. ಭಾವ ಇಂಜಿನ್ ಕಡೆ, ನಾನು ಹಿಂಬದಿ ಕಡೆ. "ಇನ್ನೂ ಅರ್ಧ ಕೊಡಿ ಭಾವ" ಅಂತ ನಾನು, "ಕೊಟ್ಟೆ" ಅಂತ ಅವರು. ಒಂದು ಸಲ ಜಾಸ್ತಿಯಾಗಿ ಗೆರೆ ಎದುರು ಪಕ್ಕಕ್ಕೆ ಹೋಯಿತು, ಕಾಲು ಸುತ್ತು ಹಿಂದೆ ಬಂದೆವು. ಒಂಬತ್ತನೆಯ ಸಲಕ್ಕೆ ಸರಳು ತಾನಾಗಿ ಜಾರಿ ಕಪ್ಲರ್‌ನ ತಳ ಮುಟ್ಟಿತು. ಹೊರಗೆ ತೆಗೆದು ನೋಡಿದರೆ ಸುತ್ತಲೂ ಒಂದೇ ಸಮನಾದ ಗೆರೆಗಳು. ಅದನ್ನು ಒರೆಸುವ ಮೊದಲು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ.

ಡ್ರೈವ್ ಏರಿಸುವುದು ಬಿಚ್ಚಿದಷ್ಟು ಕಷ್ಟವಾಗಲಿಲ್ಲ. ಶಾಫ್ಟ್‌ನ ಹಲ್ಲಿಗೆ ಕಪ್ಲರ್ ಗ್ರೀಸ್, ಹೊಸ ಓ-ರಿಂಗ್‌ಗಳು, ಬೆಲ್ ಹೌಸಿಂಗ್‌ನ ಹೊಸ ಗ್ಯಾಸ್ಕೆಟ್, ನೀರಿನ ದಾರಿಯ ಸೀಲ್. ಗೇರ್ ಮತ್ತೆ ಫಾರ್ವರ್ಡ್‌ನಲ್ಲಿ. ಹಲ್ಲು ಹಲ್ಲಿಗೆ ಕೂರದಿದ್ದಾಗ ಪ್ರೊಪೆಲ್ಲರ್ ಶಾಫ್ಟನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಸಾಕು, ಒಳಕ್ಕೆ ಜಾರುತ್ತದೆ. ಆರು ನಟ್‌ಗಳನ್ನು ಮಧ್ಯದಿಂದ ಶುರು ಮಾಡಿ, ಎದುರುಬದುರಾಗಿ, 68 ನ್ಯೂಟನ್ ಮೀಟರ್‌ಗೆ ಬಿಗಿದೆ.

ಡ್ರೈವಿನ ಲೋಹದ ಬದಲು ತಾವೇ ಸವೆಯುವ ಲೋಹದ ತುಂಡುಗಳು ಆನೋಡ್‌ಗಳು. ಸವೆದಿದ್ದ ಅವನ್ನೂ ಬದಲಾಯಿಸಿದೆ. ಸಿಹಿ ನೀರಿನಲ್ಲಿ ಮೆಗ್ನೀಷಿಯಂ, ಉಪ್ಪು ನೀರಿನಲ್ಲಿ ಸತು ಅಥವಾ ಅಲ್ಯೂಮಿನಿಯಂ. ಅವುಗಳ ಮೇಲೆ ಬಣ್ಣ ಹಚ್ಚಬಾರದು, ಹಚ್ಚಿದರೆ ಆನೋಡ್ ಇದ್ದೂ ಇಲ್ಲದ ಹಾಗೆ. ಡ್ರೈವಿನ ಮೈಗೆ ತಾಮ್ರ ಇರುವ ಬಣ್ಣ ಬಳಿಯಬಾರದು, ನೀರಿನಲ್ಲಿ ತಾಮ್ರ ಸೇರಿಕೊಂಡು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಆಯಿಲ್ ಕೆಳಗಿನ ತೂತಿನಿಂದಲೇ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ, ತುಂಬಿತು ಅಂತ ನಾವು ಅಂದುಕೊಳ್ಳುತ್ತೇವೆ. ಕೈಪಂಪ್‌ನಿಂದ ನಿಧಾನವಾಗಿ ಒತ್ತುತ್ತಾ ಹೋದೆ. ಮೇಲಿನ ವೆಂಟ್‌ನಿಂದ ಮೊದಲು ಗುಳ್ಳೆ, ಆಮೇಲೆ ಗುಳ್ಳೆ ಇಲ್ಲದ ತಿಳಿ ಆಯಿಲ್. ಮೇಲಿನ ಸ್ಕ್ರೂ ಮೊದಲು ಬಿಗಿದು, ಆಮೇಲೆ ಪಂಪ್ ಕಳಚಿ ಕೆಳಗಿನದನ್ನು ಹಾಕಿದೆ. ಆ ಕ್ರಮದಲ್ಲಿ ಮಾಡಿದರೆ ಕೆಳಗಿನಿಂದ ಆಯಿಲ್ ಹೆಚ್ಚು ಸುರಿಯುವುದಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ನೋಡಿ ಇಳಿದಷ್ಟು ತುಂಬಿದೆ.

ನೀರಿಗೆ ಇಳಿಸುವ ಮೊದಲು ನೀರು ಎಳೆಯುವ ತೂತುಗಳಿಗೆ ಪೈಪ್ ಜೋಡಿಸಿದ, ಕಿವಿಮುಚ್ಚಳದಂಥ ರಬ್ಬರ್ ಕಪ್‌ಗಳನ್ನು ಹಾಕಿ, ನೀರು ಬಿಟ್ಟು, ಇಂಜಿನ್ ಜಾಗದ ಗಾಳಿ ಹೊರಹಾಕುವ ಬ್ಲೋಯರ್ ನಾಲ್ಕು ನಿಮಿಷ ಓಡಿಸಿ, ಇಂಜಿನ್ ಶುರು ಮಾಡಿದೆ. ನೀರಿಲ್ಲದೆ ಕೆಲವು ಸೆಕೆಂಡ್ ಓಡಿಸಿದರೂ ಹೊಸ ಇಂಪೆಲ್ಲರ್ ಸುಟ್ಟುಹೋಗಬಹುದು. ಫಾರ್ವರ್ಡ್, ನ್ಯೂಟ್ರಲ್, ರಿವರ್ಸ್, ನ್ಯೂಟ್ರಲ್. ಇಂಜಿನ್ ಒಂದು ಕ್ಷಣ ಮಿಡುಕಿ ಮತ್ತೆ ತನ್ನ ಲಯಕ್ಕೆ ಬಂತು. ಇಪ್ಪತ್ತು ಸಲ ಮಾಡಿದೆ, ಒಮ್ಮೆಯೂ ನಿಲ್ಲಲಿಲ್ಲ.

ನೀರಿಗೆ ಇಳಿಸಿದ ದಿನ ಬೋಟನ್ನು ಟ್ರೇಲರ್‌ಗೆ ಕಟ್ಟಿಯೇ ಅರ್ಧ ಗಂಟೆ ತೇಲಿಸಿಟ್ಟೆ. ಬಿಲ್ಜ್ ಅನ್ನು ಬಟ್ಟೆಯಿಂದ ಒಣಗಿಸಿ, ಹಿಂಬದಿಯ ಗೋಡೆಯ ಒಳಗಡೆ ಒಣ ಕಾಗದದ ತುಂಡುಗಳನ್ನು ಇಟ್ಟಿದ್ದೆ. ಒಂದೂ ಒದ್ದೆಯಾಗಲಿಲ್ಲ. ಆಮೇಲೆ ಹಗ್ಗ ಬಿಟ್ಟೆವು. ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಗುರ್ರ್ ಸದ್ದು ಇರಲಿಲ್ಲ. ಭಾವ ಇಂಜಿನ್ ಮುಚ್ಚಳ ತೆಗೆದು ಕಿವಿ ಕೊಟ್ಟು ಕೇಳಿ ತಲೆಯಾಡಿಸಿದರು.

ಎಂಟು ಗಂಟೆ ಓಡಿಸಿದ ಮೇಲೆ, ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಡ್ರೈನ್ ಸ್ಕ್ರೂವನ್ನು ಅರ್ಧ ಸುತ್ತು ಮಾತ್ರ ಸಡಿಲ ಮಾಡಿದೆ. ನೀರು ಇದ್ದರೆ ಅದೇ ಮೊದಲು ಬರಬೇಕು. ಬಿಳಿ ಬಟ್ಟೆ ಹಿಡಿದು ಕಾದೆ. ಮೊದಲ ಹನಿ ಬಟ್ಟೆಯ ಮೇಲೆ ಬಿದ್ದು ನಿಧಾನವಾಗಿ ಹರಡಿತು. ಜೇನಿನ ಬಣ್ಣ, ಅಂಚಿನಲ್ಲಿ ನೀರಿನ ಗುರುತಿಲ್ಲ. ಇನ್ನೂ ಮೂರು ಹನಿ ಬಿಟ್ಟು ನೋಡಿ ಸ್ಕ್ರೂ ಬಿಗಿದೆ, ಡ್ರೈವನ್ನು ಪೂರ್ತಿ ಕೆಳಗಿಳಿಸಿ ಬ್ಯಾಟರಿ ಕಳಚಿದೆ.